ಹೆಬ್ಬೆಟ್ಟಿಲ್ಲದ ಪ್ರತಿ

ಕಂತು ಹನ್ನೊಂದು

“ಎಲ್ಲಿ ನಿಮ್ಮ ಹೆಬ್ಬೆಟ್ಟು?”

ಮುದುಕ ತಲೆ ಎತ್ತಲಿಲ್ಲ. ಹಳೆಯ ಸಂಚಿಕೆಗಳ ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದರ ಕೆಳಗೆ ಒಂದೇ ಮೇಜು. ಮೇಜಿನ ಮೇಲೆ ಮೂವತ್ತೊಂದು ವರ್ಷದ ಹಿಂದಿನ ಸಂಪುಟ ತೆರೆದು ಬಿದ್ದಿತ್ತು. ಪುಟದ ಕೆಳಮೂಲೆಯನ್ನು ನಾನು ಬೆರಳಿನಿಂದ ಕುಟ್ಟಿದೆ.

“ಕಾಣಿಸ್ತಿಲ್ವಾ ಮಾವ? ಇಲ್ಲಿ ಇರ್ಬೇಕಿತ್ತು. ಎಲ್ಲಿ?”

“ಮರೆತಿರ್ಬೇಕು ಪುಟ್ಟೀ.”

ಮರೆತಿರಬೇಕು! ಈ ಊರಿನಲ್ಲಿ ಯಾರನ್ನು ಏನು ಕೇಳಿದರೂ ಇದೊಂದೇ ಉತ್ತರ. ಹತ್ತು ದಿನದಿಂದ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಇಷ್ಟು ನೆನಪಿದ್ದರೆ ಸಾಕು: ನಮ್ಮೂರ ದಿನಪತ್ರಿಕೆಯ ಎಪ್ಪತ್ತೈದು ವರ್ಷಗಳ ಚರಿತ್ರೆ ಇವತ್ತು ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗುತ್ತದೆ, ಅದರ ನಲವತ್ತೆರಡನೇ ಪುಟದಲ್ಲಿ ಒಂಬತ್ತು ಜನರ ಸಾವಿಗೆ ನನ್ನ ಅಪ್ಪನೇ ಕಾರಣ ಎಂದು ಬರೆದಿದೆ. ಆಗ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು.

ಅಪ್ಪ ಆ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಿ, ಪುಟ ಬಿಗಿದು ಮಷೀನಿಗೆ ಕೊಡುವ ಕೆಲಸ. ಅಮ್ಮನೂ ಅದೇ ಕೋಣೆಯಲ್ಲಿ ಇದ್ದಳು. ಅಚ್ಚಾಗಿ ಬಂದ ಹಳೆಯ ಪುಟ ಬಿಚ್ಚಿ, ಮೊಳೆಗಳನ್ನು ಮತ್ತೆ ಅವುಗಳ ಖಾನೆಗೆ ಹಾಕುವುದು ಅವಳ ಪಾಲು. ನಾನು ಮಾತ್ರ ಅಕ್ಷರದ ಸಹವಾಸವೇ ಬೇಡವೆಂದು ಪತ್ತೇದಾರಿಕೆಗೆ ಇಳಿದೆ. ಕೊನೆಗೆ ಬಂದು ನಿಂತದ್ದು ಇದೇ ಕಟ್ಟಡದಲ್ಲಿ.

ಪತ್ರಿಕೆ ಸಂಜೆಯದು. ಮೊದಲ ಪುಟದ ಎಡಗಡೆ ಮೇಲೆ ಒಂದು ಪೆಟ್ಟಿಗೆ: ‘ನಾಳೆಯ ಬಾವಿಗಳು’. ಗಣಿಗೆ ಇಳಿಯುವ ಕಂಡಿಯನ್ನು ನಮ್ಮೂರಲ್ಲಿ ಬಾವಿ ಎನ್ನುತ್ತಾರೆ. ಇರುವ ನಾಲ್ಕು ಬಾವಿಗಳಲ್ಲಿ ನಾಳೆ ಯಾವುದು ತೆರೆದಿದೆ, ಯಾವುದು ಬಂದ್, ಎಲ್ಲ ಆ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಊರು ಪತ್ರಿಕೆ ಓದುತ್ತಿರಲಿಲ್ಲ, ಪೆಟ್ಟಿಗೆ ಓದುತ್ತಿತ್ತು. ಬಾವಿಯ ಕಾವಲುಗಾರನೂ ಬೆಳಿಗ್ಗೆ ಅದನ್ನೇ ನೋಡಿ ಬೀಗ ತೆಗೆಯುತ್ತಿದ್ದ.

ಆ ಪೆಟ್ಟಿಗೆಯ ಮೊಳೆಗಳನ್ನು ಯಾವತ್ತೂ ಬಿಚ್ಚುತ್ತಿರಲಿಲ್ಲ. ಕಟ್ಟಿದ್ದು ಕಟ್ಟಿದ ಹಾಗೇ ಇಟ್ಟು, ಬದಲಾದ ಪದವನ್ನಷ್ಟೇ ಕಿತ್ತು ಬೇರೆ ಕೂರಿಸುತ್ತಿದ್ದರು. ಮರೆತರೆ ನಿನ್ನೆಯದೇ ಇವತ್ತೂ ಅಚ್ಚಾಗುತ್ತದೆ. ಮೂರನೇ ಬಾವಿಗೆ ನೀರು ನುಗ್ಗಿದೆ, ಬಂದ್ ಎಂದು ಹಾಕಿ ಎಂದು ಗಣಿ ಕಂಪನಿಯ ಇಂಜಿನಿಯರ್ ಬರೆದು ಕಳಿಸಿದ್ದ. ಪತ್ರಿಕೆಯಲ್ಲಿ ‘ತೆರೆದಿದೆ’ ಎಂದೇ ಬಂತು. ಮರುದಿನ ಬೆಳಿಗ್ಗೆ ಒಂಬತ್ತು ಜನ ಇಳಿದರು, ಒಬ್ಬರೂ ಮೇಲೆ ಬರಲಿಲ್ಲ.

ಅಪ್ಪ ಒಂದು ದಿನವೂ ಎದುರು ಮಾತಾಡಲಿಲ್ಲ. ಹತ್ತೊಂಬತ್ತು ವರ್ಷ ದಿನಾ ಮಾಡಿದ ಕೆಲಸ, ಅವತ್ತು ಮಾಡಿದೆನೋ ಇಲ್ಲವೋ ಎಂದು ಕೈಗೆ ನೆನಪಿರುತ್ತದೆಯೇ? ಮರುದಿನ ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ‘ತೆರೆದಿದೆ’ ಎಂಬ ಮೊಳೆಗಳೇ ಕೂತಿದ್ದವಂತೆ. ಕಣ್ಣಾರೆ ಕಂಡ ಮೇಲೆ ಇನ್ನೇನು, ‘ಮರೆತಿರಬೇಕು’ ಎಂದು ಒಪ್ಪಿಕೊಂಡುಬಿಟ್ಟರು. ಅವತ್ತಿನಿಂದ ಅವರು ತಲೆ ಎತ್ತಿ ಬೀದಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ.

ಇನ್ನು ಹೆಬ್ಬೆಟ್ಟಿನ ವಿಚಾರ. ಮಷೀನಿನಿಂದ ಬರುವ ಮೊದಲ ಒಳ್ಳೆಯ ಹಾಳೆಯನ್ನು ಮಷೀನು ನಡೆಸುವವನು ಎತ್ತಿ, ಮಸಿ ಮೆತ್ತಿದ ಹೆಬ್ಬೆರಳನ್ನು ಕೆಳಮೂಲೆಗೆ ಒತ್ತಿ, ಗೋಡೆಯ ಕೊಕ್ಕೆಗೆ ಸಿಕ್ಕಿಸಬೇಕು. ಸಂಪುಟಕ್ಕೆ ಸೇರುವುದು ಆ ಪ್ರತಿಯೇ. ಈ ಮುದುಕ ಮೂವತ್ತೆಂಟು ವರ್ಷ ಒತ್ತಿದರು. ಮೊಳೆ ಕಟ್ಟಿದ ಪುಟವನ್ನು ಬಲದಿಂದ ಎಡಕ್ಕೆ ಗಡಗಡ ಓದುವ ಮನುಷ್ಯನಿಗೆ ಊರು ಹೆಬ್ಬೆಟ್ಟು ಮಾವ ಎಂದು ಹೆಸರಿಟ್ಟಿತು. ಈಗ ಮಷೀನು ಹೊಸದು, ಕೈಗೆ ನಡುಕ. ಈ ಕೋಣೆಯ ಧೂಳು ಕಾಯಲು ಕೂರಿಸಿದ್ದಾರೆ.

“ಅತ್ತೆ ತೀರಿಕೊಂಡದ್ದು ಯಾವಾಗ ಮಾವ?” ಎಂದೆ.

ಅವರು ಹೇಳಿದರು. ಆ ವರ್ಷದ ಸಂಪುಟ ಎಳೆದೆ. ತೆರೆದೆ. ಕೆಳಮೂಲೆಯಲ್ಲಿ ಕಪ್ಪಗೆ, ಗೆರೆಗೆರೆಯಾಗಿ, ದಪ್ಪ ಹೆಬ್ಬೆಟ್ಟು.

“ಹೆಣ ಮನೆಯಲ್ಲಿಟ್ಟು ಬಂದು ಒತ್ತಿದೀರಿ. ಮಗಳ ಮದುವೆ ದಿನ ಯಾವುದು ಹೇಳಿ, ಅದನ್ನೂ ತೆಗೀತೀನಿ.”

“ಬೇಡ ಬಿಡು.”

“ಹತ್ತು ದಿನದಿಂದ ಎಪ್ಪತ್ತೈದು ವರ್ಷ ತಿರುವಿ ಹಾಕಿದೀನಿ ಮಾವ. ಗಣಿ ಮ್ಯಾನೇಜರ ಮಗಳ ಮದುವೆ ಮೊದಲ ಪುಟ, ಗಣಿಯಲ್ಲಿ ಸತ್ತವರ ಹೆಸರು ಏಳನೇ ಪುಟ, ಎಲ್ಲ ನೋಡ್ದೆ. ನಿಮಗಿಂತ ಮುಂಚೆ ಇದ್ದವರದ್ದೂ ಸೇರಿ ಒಂದೇ ಒಂದು ದಿನ ಹೆಬ್ಬೆಟ್ಟು ತಪ್ಪಿಲ್ಲ. ತಪ್ಪಿರೋದು ಈ ಒಂದು ಶುಕ್ರವಾರ. ಕೊಕ್ಕೆಯ ತೂತೂ ಇಲ್ಲ ಈ ಹಾಳೇಲಿ. ನನ್ನ ಕಣ್ಣಿಗೆ ಮಣ್ಣೆರಚ್ತೀರಾ?”

ಮುದುಕರ ಕೈ ಮೇಜಿನ ಅಂಚು ಹಿಡಿಯಿತು.

“ಒತ್ತಿದ್ದೆ,” ಎಂದರು. “ಅವತ್ತೂ ಒತ್ತಿದ್ದೆ. ಅದು ಈ ಹಾಳೆ ಅಲ್ಲ.”

“ಅದರಲ್ಲಿ ಏನಿತ್ತು?”

“ಮೂರನೇ ಬಾವಿ ಬಂದ್ ಅಂತ ಇತ್ತು.”

ಹಾಗಾದರೆ ಅಪ್ಪ ಮರೆತಿರಲಿಲ್ಲ! ಮೂವತ್ತೊಂದು ವರ್ಷ ತಾನೇ ಕೊಂದೆ ಎಂದುಕೊಂಡು ಕೊರಗಿದ ಮನುಷ್ಯ ಮರೆತೇ ಇರಲಿಲ್ಲ. ಸಂತೋಷ ಬಂದದ್ದು ಒಂದು ಕ್ಷಣ. ಅದರ ಹಿಂದೆಯೇ ಮೈಯೆಲ್ಲ ಉರಿಯತೊಡಗಿತು.

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಮ್ಮ ಮನೆ ಮುಂದೆ ದಿನಾ ಓಡಾಡಿದೀರಿ. ಅಪ್ಪನ ಪಕ್ಕ ಕೂತು ಚಹಾ ಕುಡಿದಿದೀರಿ. ನಾಲಿಗೆ ಬಿದ್ದು ಹೋಗಿತ್ತಾ ನಿಮಗೆ? ನೀನು ಮರೆತಿಲ್ಲ ಕಣಯ್ಯಾ ಅಂತ ಒಂದು ಮಾತು, ಒಂದೇ ಮಾತು! ಅಷ್ಟು ಹೇಳೋಕೆ ಮೂವತ್ತೊಂದು ವರ್ಷ ಸಾಲ್ಲಿಲ್ವಾ?”

ಅವರು ಬೈಸಿಕೊಂಡರು. ಆಮೇಲೆ ಮೆಲ್ಲಗೆ, ತುಂಡುತುಂಡಾಗಿ ಹೇಳಿದರು. ಐವತ್ತು ಅರವತ್ತು ಹಾಳೆ ಓಡಿತ್ತಂತೆ. ಮೇಲಿನಿಂದ ಗಂಟೆ ಬಾರಿಸಿದರು, ನಿಲ್ಲಿಸಿದರು. ಚಿಕ್ಕ ಯಜಮಾನರ ಕೈಯ ಚೀಟಿಯೊಂದು ಬಂತು. ಆಗಿನ ಚಿಕ್ಕ ಯಜಮಾನರೇ ಈಗಿನ ಸಂಪಾದಕರು. ಇದನ್ನು ಮೊಳೆ ಜೋಡಿಸುವ ಕೋಣೆಗೆ ಮುಟ್ಟಿಸಿ ಹೊರಗೆ ಹೋಗಿರು ಎಂದು ಇವರಿಗೆ ಹೇಳಿ ಕಳಿಸಿದ್ದರು. ಮರಳಿ ಬಂದಾಗ ಪುಟ ಬಿಗಿದಿತ್ತು. ಓಡಿದ ಹಾಳೆಗಳನ್ನೆಲ್ಲ ಒಲೆಗೆ ಹಾಕಿಸಿದರು.

“ಚೀಟಿ ಯಾರ ಕೈಗೆ ಕೊಟ್ರಿ?”

“ಕಂಪೋಸಿಂಗಿಗೆ ಕೊಟ್ಟೆ.”

“ಕಂಪೋಸಿಂಗ್ ಅನ್ನೋದು ಕೋಣೆ ಮಾವ, ಮನುಷ್ಯ ಅಲ್ಲ. ಯಾರ ಕೈಗೆ?”

“ಪುಟ್ಟೀ, ಇಷ್ಟು ಸಾಕು. ನಿಮ್ಮಪ್ಪ ಮರೆತಿರಲಿಲ್ಲ, ಅವನಿಗೆ ಹೋಗಿ ಹೇಳು. ಮೇಲೆ ಹೋಗ್ಬೇಡ. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ.”

“ಈ ಮುರುಕು ಕುರ್ಚಿ ಹೋಗುತ್ತೆ ಅಂತ ಭಯಾನಾ? ಇಟ್ಕೊಳ್ಳಿ ನಿಮ್ಮ ಕುರ್ಚಿ. ಥೂ!”

ಸಂಪುಟವನ್ನು ಕಂಕುಳಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವರು ಮತ್ತೊಮ್ಮೆ ಕೂಗಿದರು, ನಾನು ತಿರುಗಲಿಲ್ಲ.

ಸಂಪಾದಕರ ಕೋಣೆಯಲ್ಲಿ ತಂಪು ಗಾಳಿ, ಗೋಡೆಗೆ ಅವರ ತಾತನ ಪಟ, ಉದ್ದನೆಯ ಮೇಜಿನ ತುಂಬ ಚರಿತ್ರೆಯ ಪುಟಗಳು. ಒಂದೇ ಹಾಳೆಯಾಗಿ ಹುಟ್ಟಿ ಗಣಿಯ ಬಾಗಿಲಿಗೆ ಅಂಟಿಸುತ್ತಿದ್ದ ಪತ್ರಿಕೆ ಹೇಗೆ ಮನೆಮನೆಯ ದೀಪವಾಯಿತು ಎಂದು ದಪ್ಪ ಅಕ್ಷರದಲ್ಲಿ ಬರೆಸಿಕೊಂಡಿದ್ದರು. ದೀಪವಂತೆ! ಮನೆಗಳಿಗೆ ಬೆಂಕಿ ಇಟ್ಟವರು ದೀಪದ ಮಾತಾಡುತ್ತಾರೆ.

“ಬನ್ನಿ ತಂಗಿ, ಕೂತ್ಕೊಳ್ಳಿ,” ಎಂದರು.

“ನಾನು ನಿಮ್ಮ ತಂಗಿ ಅಲ್ಲ.”

ಸಂಪುಟವನ್ನು ಅವರ ಪುಟಗಳ ಮೇಲೆಯೇ ಧಡಕ್ಕನೆ ಹಾಕಿದೆ. ಅವರು ಕನ್ನಡಕ ಸರಿಮಾಡಿಕೊಂಡರು. ಅರವತ್ತರ ಹತ್ತಿರದ ಆಸಾಮಿ, ಬಿಳಿ ಅಂಗಿಯಲ್ಲಿ ಒಂದು ಸುಕ್ಕಿಲ್ಲ.

“ಈ ಒಂದು ವರ್ಷದ ಸಂಪುಟಕ್ಕೆ ಮಾತ್ರ ಹೊಸ ರಟ್ಟು ಯಾಕೆ?”

“ಗೆದ್ದಲು ಹಿಡಿದಿತ್ತು, ಮತ್ತೆ ಕಟ್ಟಿಸಿದ್ವಿ.”

“ಎಂಥಾ ಜಾಣ ಗೆದ್ದಲು ಸ್ವಾಮಿ! ಮುನ್ನೂರು ಹಾಳೆ ಬಿಟ್ಟು ಒಂದೇ ಒಂದು ಹಾಳೆ ತಿಂದು, ಅದರ ಜಾಗಕ್ಕೆ ಬೇರೆ ಹಾಳೆ ತಂದು ಇಟ್ಟು ಹೋಗಿದೆ.”

ಅವರು ನಗಲಿಲ್ಲ. ಕೆಳಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು.

“ಮಸಿ ಇಲ್ಲ ಅನ್ನೋದು ಸಾಕ್ಷಿ ಆಗಲ್ಲ.”

“ಚೀಟಿ ತಂದವರು ಬದುಕಿದಾರೆ. ಮೂರನೇ ಬಾವಿ ಬಂದ್ ಅಂತ ಅಚ್ಚಾಗಿತ್ತು. ನೀವು ಮಷೀನು ನಿಲ್ಲಿಸಿ ತೆರೆದಿದೆ ಅಂತ ಮಾಡಿಸಿದ್ರಿ. ಯಾಕೆ?”

ಬೊಗಳೆ ಬಿಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಕಂಪನಿಯವರು ಫೋನು ಮಾಡಿದ್ರು,” ಎಂದರು. “ಮರುದಿನ ಹೊರಗಿನಿಂದ ದೊಡ್ಡವರು ಬರೋರಿದ್ರು, ಮೂರನೇ ಬಾವಿ ತೋರಿಸ್ಬೇಕಿತ್ತು. ನೀರು ಅಷ್ಟೇನಿಲ್ಲ, ಇಂಜಿನಿಯರಿಗೆ ಪುಕ್ಕಲು ಅಂದ್ರು. ನನಗಾಗ ಇಪ್ಪತ್ತೆಂಟು ವರ್ಷ. ನಂಬಿದೆ.”

“ಒಂಬತ್ತು ಜನ ಸತ್ತ ಮೇಲೂ ನಂಬಿಕೊಂಡೇ ಕೂತಿದ್ರಾ? ನನ್ನ ಅಪ್ಪನ ತಲೆಗೆ ಕಟ್ಟಿ ನೀವು ನೆಮ್ಮದಿಯಾಗಿ ಉಂಡು ಮಲಗಿದ್ರಿ!”

“ಕೂಗಾಡ್ಬೇಡಿ. ನಿಮ್ಮ ಅಪ್ಪ ಮರೆತರು ಅಂತ ಬರೆಸಿದ್ದು ಅವರ ಮೇಲಿನ ದಯೆಯಿಂದ.”

“ದಯೆ?”

ಈ ಶಬ್ದಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಮೇಜಿನ ಮೇಲಿದ್ದ ಪೇಪರ್‌ವೇಟು ನನ್ನ ಕೈಗೆ ಬಂದದ್ದು ಹೇಗೋ ಗೊತ್ತಿಲ್ಲ. ಅವರು ಹಿಂದೆ ಸರಿದು ಕಬ್ಬಿಣದ ಬೀರುವಿನ ಬೀಗ ತೆಗೆದರು. ಒಂದು ಚಪ್ಪಟೆ ರಟ್ಟಿನ ಚೀಲ, ಅದರೊಳಗೆ ಮಡಿಸದ ಒಂದು ಹಾಳೆ.

“ನೋಡಿ. ಆಮೇಲೆ ಹೊಡೀರಿ.”

ಮೊದಲ ಪ್ರತಿ. ಕೊಕ್ಕೆಯ ತೂತು ಇತ್ತು. ಕೆಳಮೂಲೆಯಲ್ಲಿ ಹೆಬ್ಬೆಟ್ಟು ಇತ್ತು. ಮೇಲೆ ಎಡಗಡೆ, ಪೆಟ್ಟಿಗೆಯಲ್ಲಿ, ಮೂರನೇ ಬಾವಿಯ ಮುಂದೆ: ಬಂದ್. ಅಪ್ಪ ಕೂರಿಸಿದ ಮೊಳೆಗಳು. ನನ್ನ ಕಣ್ಣು ಮಂಜಾಯಿತು.

“ಅಂಚು ಓದಿ,” ಎಂದರು ಸಂಪಾದಕರು.

ಮೊದಲ ಪ್ರತಿ ಎತ್ತಿದ ಮೇಲೆ ಪುಟದಲ್ಲಿ ಏನೇ ಬದಲಾದರೂ, ಬದಲಾಯಿಸಿದವರು ಆ ಪ್ರತಿಯ ಅಂಚಿನಲ್ಲೇ ಬರೆಯಬೇಕು: ಏನು ಬದಲಾಯಿತು, ಎಷ್ಟು ಹೊತ್ತಿಗೆ, ಯಾರ ಮಾತಿನ ಮೇಲೆ. ಈ ಕಟ್ಟುಪಾಡು ಮಾಡಿದವರು ನನ್ನ ಅಪ್ಪನೇ. ಆ ಕೋಣೆಯವರು ಊಟ ಬಿಟ್ಟರೂ ಇದನ್ನು ಬಿಡುತ್ತಿರಲಿಲ್ಲ. ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ಬರೆದಿತ್ತು: ‘ಪೆಟ್ಟಿಗೆ. ಮೂರನೇ ಬಾವಿ ತೆರೆದಿದೆ ಎಂದು. ಮೂರು ಇಪ್ಪತ್ತು. ಮೇಲಿನವರ ಚೀಟಿಯಂತೆ.’ ಸಹಿ ಇರಲಿಲ್ಲ.

“ನಾನು ಚೀಟಿ ಬರೆದೆ, ಸರಿ. ಮೊಳೆ ಮುಟ್ಟಿದ್ದು ನಾನಲ್ಲ. ಪೆಟ್ಟಿಗೆ ಮುಟ್ಟೋ ಹಕ್ಕು ಇದ್ದದ್ದು ಒಬ್ಬರಿಗೇ. ನೀರು ನುಗ್ಗಿದೆ ಅನ್ನೋ ಬರಹ ಓದಿ, ಜೋಡಿಸಿ, ಗೊತ್ತಿದ್ದೂ ಗೊತ್ತಿದ್ದೂ ಅದನ್ನ ಕಿತ್ತು ತೆಗೆದರು ನಿಮ್ಮ ತಂದೆ. ಮರೆತದ್ದು ಮೇಲಾ, ಇದು ಮೇಲಾ? ಹೇಳಿ, ಯಾವುದು ಅಚ್ಚು ಹಾಕ್ಲಿ?”

ನಾನು ಮತ್ತೆ ಓದಿದೆ. ಮೂರು ಇಪ್ಪತ್ತು.

ನನಗೆ ನಗು ಬಂತು. ದೇವರಾಣೆಗೂ ಗಟ್ಟಿಯಾಗಿ ನಕ್ಕೆ.

“ಸಿಕ್ಕಿಬಿದ್ರಿ ಸಂಪಾದಕರೇ. ಪುಟ ಬಿಗಿದು ಮಷೀನಿಗೆ ಕೊಟ್ಟ ಮೇಲೆ ಅಪ್ಪ ಇಲ್ಲಿ ಇರ್ತಿರಲಿಲ್ಲ. ಮೂರು ಗಂಟೆಗೆ ನನ್ನ ಶಾಲೆ ಬಾಗಿಲಲ್ಲಿ ನಿಂತಿರ್ತಿದ್ರು. ನನಗಾಗ ಏಳು ವರ್ಷ. ಆ ಶುಕ್ರವಾರ ಹೊಸ ಚಪ್ಪಲಿ ಕಚ್ಚಿತ್ತು ಅಂತ ನನ್ನ ಎತ್ತಿಕೊಂಡೇ ಮನೆವರೆಗೂ ನಡೆದ್ರು. ಅವರು ನನ್ನ ಕರೆಯೋಕೆ ಬಂದ ಕೊನೇ ದಿನ ಅದು, ನನಗೆ ಮರೆಯುತ್ತಾ? ಮೂರು ಇಪ್ಪತ್ತಕ್ಕೆ ನನ್ನ ಅಪ್ಪನ ಎರಡೂ ಕೈಯಲ್ಲಿ ನಾನಿದ್ದೆ!”

ಅವರ ಮುಖ ಬಿಳಿಚಿಕೊಂಡಿತು. ಸುಳ್ಳು ಹೇಳುವವನ ಮುಖವಲ್ಲ ಅದು. ಈ ಮನುಷ್ಯ ಮೂವತ್ತೊಂದು ವರ್ಷ ನಿಜವಾಗಿಯೂ ಅಪ್ಪನೇ ಎಂದುಕೊಂಡಿದ್ದ. ಚೀಟಿ ಬರೆದು ಕೆಳಗೆ ಬಿಸಾಡಿ, ಯಾರ ಕೈಗೆ ಬಿತ್ತು ಎಂದು ನೋಡಲೂ ಇಲ್ಲ.

“ಹಾಗಾದ್ರೆ ಯಾರು?” ಎಂದರು. “ಆ ಕೋಣೇಲಿ ಇನ್ಯಾರಿದ್ರು?”

ಉತ್ತರ ಹೇಳಲು ಬಾಯಿ ತೆರೆದೆ. ಹಾಗೇ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಅಪ್ಪ ಹೊರಟ ಮೇಲೆ ಆ ಕೋಣೆಯಲ್ಲಿ ಉಳಿಯುತ್ತಿದ್ದದ್ದು ಒಬ್ಬರೇ. ಸಂಜೆ ಐದರವರೆಗೆ ಹಳೆಯ ಮೊಳೆ ಬಿಡಿಸುವ ಹೆಂಗಸು. ಮೇಲಿನವರು ಅವಳನ್ನು ಯಾವತ್ತೂ ಲೆಕ್ಕಕ್ಕೇ ಇಟ್ಟವರಲ್ಲ.

ಸೀಸದ ಕಡ್ಡಿಯ ಅಕ್ಷರಗಳನ್ನು ಈಗ ಬೇರೆ ಕಣ್ಣಿನಿಂದ ನೋಡಿದೆ. ಅಪ್ಪನ ಬರಹ ಗುಂಡಗೆ, ಅಚ್ಚಿನ ಹಾಗೆ. ಇದು ಹಾಗಿರಲಿಲ್ಲ. ಇದನ್ನು ಬರೆದವರು ಮೊದಲು ಅಕ್ಷರಗಳನ್ನೆಲ್ಲ ಸಾಲಾಗಿ ಬರೆದು, ಆಮೇಲೆ ಒಂದೇ ಉಸಿರಿಗೆ ತಲೆಕಟ್ಟು ಎಳೆಯುತ್ತಾ ಹೋಗಿದ್ದರು. ತಲೆಕಟ್ಟುಗಳು ಅಕ್ಷರ ಬಿಟ್ಟು ಬಲಕ್ಕೆ ಜಾರಿದ್ದವು. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಇದೇ ಕೈ ಬರೆದಿತ್ತು. ನನಗೆ ಅಕ್ಷರ ತಿದ್ದಿಸಿದ್ದೂ ಇದೇ ಕೈ.

ಹತ್ತು ದಿನದಿಂದ ಅಮ್ಮ ನನ್ನ ಬೆನ್ನು ಹಿಡಿದು ಹೇಳುತ್ತಿದ್ದದ್ದು ಒಂದೇ, ‘ಆದದ್ದಾಯ್ತು, ಕೆದಕಬೇಡ’. ಅಪ್ಪನ ಮರ್ಯಾದೆ ನಿನಗೆ ಬೇಡವೇ ಎಂದು ನಿನ್ನೆ ತಾನೇ ಅವಳ ಮೇಲೆ ಹರಿಹಾಯ್ದಿದ್ದೆ. ಕೆಳಗಿನ ಮುದುಕ ಕಾಲಿಗೆ ಬೀಳುತ್ತೇನೆ ಎಂದದ್ದು ಕುರ್ಚಿಗಾಗಿ ಅಲ್ಲ. ನಾನು ಉಗಿದು ಬಂದಿದ್ದೆ.

ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯಲಿಲ್ಲ. ಚೀಟಿ ಬಂತು, ಮೇಲಿನವರ ಮಾತು, ಅವಳು ಪದ ಬದಲಾಯಿಸಿದಳು. ಸರಿ. ಆದರೆ ಆಮೇಲೆ? ಮೂವತ್ತೊಂದು ವರ್ಷ ಪಕ್ಕದಲ್ಲೇ ಮಲಗಿದ ಗಂಡ ‘ನಾನು ಮರೆತೆ, ನಾನು ಕೊಂದೆ’ ಎಂದು ಹಲುಬುವುದನ್ನು ಕೇಳಿಕೊಂಡು ಹೇಗಿದ್ದಳು? ಹೇಗಿದ್ದಳು ಅವಳು!

“ನಿಮಗೆ ಗೊತ್ತು,” ಎಂದರು ಸಂಪಾದಕರು. ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಧ್ವನಿಗೆ ಜೀವ ಬಂದಿತ್ತು. “ಅಕ್ಷರ ಯಾರದು ಅಂತ ಗೊತ್ತಾಯ್ತು ನಿಮಗೆ.”

“ಚೀಟಿ ನಿಮ್ಮದು. ಅದನ್ನ ಮೊದಲು ಹಾಕಿ.”

“ಯಾವ ಚೀಟಿ? ತೋರಿಸಿ.” ಕುರ್ಚಿಯಲ್ಲಿ ಒರಗಿಕೊಂಡರು. “ಅದು ಅವತ್ತೇ ಬೂದಿ ಆಯ್ತು. ಇರೋದು ಈ ಅಂಚು ಒಂದೇ. ಮೇಲಿನವರು ಅಂದ್ರೆ ಯಾರು ಬೇಕಾದ್ರೂ ಆಗ್ಬಹುದು, ದೇವರೂ ಮೇಲೇ ಇರೋದು. ಈಗ ಮೂರೂ ಕಾಲು. ನಿಮ್ಮ ತಂದೆ ಅಲ್ಲ, ಇಂಥವರು ಅಂತ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ನಲವತ್ತೆರಡನೇ ಪುಟ ನಾನೇ ಬದಲಾಯಿಸ್ತೀನಿ, ನಿಮ್ಮ ಅಪ್ಪನ ಫೋಟೋ ಹಾಕ್ತೀನಿ ಬೇಕಾದ್ರೆ. ಇಲ್ಲ ಅಂದ್ರೆ ನಾಲ್ಕಕ್ಕೆ ಹೀಗೇ ಹೋಗುತ್ತೆ.”

ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. ಅದರ ಮೇಲೆ ಪೆನ್ನು ಇಟ್ಟರು. ಆ ಪೆನ್ನನ್ನು ಅವರ ಕಣ್ಣಿಗೆ ಚುಚ್ಚಬೇಕು ಎನಿಸಿತು.

ನನ್ನ ಚೀಲದಲ್ಲಿ ಫೋನು ರಿಂಗಾಯಿತು. ಮನೆಯಿಂದ.

“ಪುಟ್ಟೀ,” ಅಪ್ಪನ ಧ್ವನಿ. “ತೊಂದರೆ ಕೊಟ್ನಾ? ಬೆಳಿಗ್ಗೆಯಿಂದ ಕಾಯ್ತಾ ಇದ್ದೆ. ಮೊದಲ ಪ್ರತಿ ಹುಡುಕ್ತೀನಿ ಅಂದಿದ್ಯಲ್ಲ, ಸಿಕ್ತಾ?”

“ಸಿಕ್ತು ಅಪ್ಪ.”



“ಮರೆತಿದ್ನಾ ನಾನು? ಅದೊಂದು ಹೇಳಿಬಿಡು.”

“ಇಲ್ಲಪ್ಪಾ. ನೀವು ಮರೆತಿರಲಿಲ್ಲ. ಬಂದ್ ಅಂತ ಕೂರಿಸಿದ್ರಿ. ನನ್ನ ಕಣ್ಣ ಮುಂದೇ ಇದೆ.”

ಅಪ್ಪ ಅತ್ತರು. ಎಪ್ಪತ್ತೆರಡು ವರ್ಷದ ಗಂಡಸು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಎದುರಿಗಿದ್ದವರು ಗಡಿಯಾರ ನೋಡಿದರು.

ಅಳು ನಿಂತ ಮೇಲೆ ಬಂದ ಧ್ವನಿಯನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅಪ್ಪನಿಗೆ ಸಿಟ್ಟು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

“ಹಾಗಾದ್ರೆ ಯಾವನು ಮುಟ್ಟಿದ್ದು ನನ್ನ ಪೆಟ್ಟಿಗೇನ? ಒಂಬತ್ತು ಜನ ಪುಟ್ಟೀ! ಅವರ ಮನೆ ಬಾಗಿಲಿಗೆಲ್ಲ ಹೋಗಿ ನಾನು ಕೈ ಮುಗಿದು ಬಂದಿದೀನಿ. ಆ ಪಾಪಿ ಯಾರೇ ಆಗಿರ್ಲಿ, ಬಿಡಬೇಡ. ಹೆಸರು ಹಾಕಿಸು. ದಪ್ಪ ಅಕ್ಷರದಲ್ಲಿ ಹಾಕಿಸು.”

“ಅಪ್ಪ, ಮನೆಗೆ ಬಂದು ಮಾತಾಡ್ತೀನಿ...”

“ತಡಿ ತಡಿ, ನಿಮ್ಮಮ್ಮನಿಗೆ ಕೊಡ್ತೀನಿ. ನಾನು ಹೊರಟ ಮೇಲೂ ಅವಳು ಅಲ್ಲೇ ಇರ್ತಿದ್ಲಲ್ಲ. ಯಾರು ಒಳಗೆ ಬಂದ್ರು, ಯಾರು ಮುಟ್ಟಿದ್ರು, ಅವಳಿಗೆ ಗೊತ್ತಿರುತ್ತೆ. ಏ, ಇಲ್ಲಿ ಬಾರೇ! ನಾನು ಮರೆತಿರಲಿಲ್ವಂತೆ ಕಣೇ!”

ಫೋನು ಕೈ ಬದಲಾಯಿತು. ಬಳೆಯ ಸದ್ದು. ಸಂಪಾದಕರು ಪೆನ್ನನ್ನು ಇನ್ನಷ್ಟು ನನ್ನ ಹತ್ತಿರಕ್ಕೆ ತಳ್ಳಿದರು.

“ಪುಟ್ಟೀ,” ಎಂದಳು ಅಮ್ಮ, ಪಕ್ಕದಲ್ಲಿದ್ದ ಅಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ. “ಅವರಿಗೆ ನೀನು ಹೇಳ್ತೀಯಾ, ನಾನೇ ಹೇಳ್ಲಾ?”